ವಿಶ್ವಕೋಶಕ್ಕೆ ಸೇರಿದ ಒಂದು ವಾಕ್ಯ

ಕಳೆದ ಮಳೆಗಾಲದ ಒಂದು ಸಂಜೆ ಡೊಂಬಿವಲಿಯಿಂದ ಹುಡುಗಿಯೊಬ್ಬಳು ನಮ್ಮ ಕಾರ್ಯಾಲಯಕ್ಕೆ ಬಂದಳು. ಲೇಖನಿ ಹಿಡಿಯುವುದಕ್ಕೆ ಮೊದಲು ನಾವು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಕಾಲದಲ್ಲಿ ನಮ್ಮ ಉಪಾಹಾರಗೃಹದ ಅಡಿಗೆಮನೆಯನ್ನು ಹನ್ನೊಂದು ವರ್ಷ ನಡೆಸಿಕೊಂಡು ಬಂದ ಭಟ್ಟರ ಮಗಳು ಅವಳು; ಈಗ ನಗರದ ಶುಶ್ರೂಷಾ ಮಹಾವಿದ್ಯಾಲಯವೊಂದರಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿನಿ. "ಮಾಮ, ಒಂದು ಶಬ್ದ ಬೇಕಿತ್ತು" ಎಂದಳು. ಶಿಫಾರಸು ಪತ್ರ ಬೇಕೆಂದು, ಖೋಲಿ ಬೇಕೆಂದು, ಮಗನಿಗೆ ನೌಕರಿ ಬೇಕೆಂದು ನಮ್ಮಲ್ಲಿಗೆ ಬರುವವರು ಹಲವರಿದ್ದಾರೆ. ಶಬ್ದ ಬೇಕೆಂದು ಬಂದವಳು ಇವಳೊಬ್ಬಳೇ.

ಅವಳಿಗೆ ಬೇಕಾಗಿದ್ದುದು ಒಂದು ಬಣ್ಣದ ಹೆಸರು. ಅದು ಏಕೆ ಬೇಕಾಯಿತೆಂಬುದನ್ನು ವಾಚಕರಿಗೆ ತಿಳಿಸಬೇಕಾದರೆ ಕತೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅವಳಿಗೆ ಅಭ್ಯಾಸದ ಪಾಳಿಯಿದ್ದಾಗ ಅಲ್ಲಿಗೆ ನಮ್ಮ ಕಡೆಯ ಮಾಣಿಯೊಬ್ಬ ಬಂದನಂತೆ. ಹತ್ತೊಂಬತ್ತು ವರ್ಷದವನು, ಹೋಟೆಲಿನ ಮೇಲ್ಮಾಳಿಗೆಯಲ್ಲಿ ಆರು ಮಂದಿಯೊಡನೆ ವಾಸ. ಕ್ಷಯವೆಂದು ಗೊತ್ತಾಗಿ ಮಾತ್ರೆ ಆರಂಭವಾಗಿತ್ತು. ಮಾತ್ರೆ ತೆಗೆದುಕೊಂಡ ಮೊದಲ ದಿನವೇ ಮೂತ್ರ ಕೆಂಪಗಾದುದನ್ನು ಕಂಡು ರಕ್ತ ಹೋಗುತ್ತಿದೆಯೆಂದು ಅವನು ಹೆದರಿದ. ಯಾರಲ್ಲಿ ಕೇಳುವುದು? ಜೊತೆಯವರಿಗೆ ರೋಗದ ವಿಷಯವೇ ಗೊತ್ತಿಲ್ಲ; ವೈದ್ಯರಿಗೂ ಅವನಿಗೂ ನಡುವೆ ಭಾಷೆಯ ಅಡ್ಡಿ. ಎಲ್ಲರೂ ಮಲಗಿದ ಮೇಲೆ ಹೊದಿಕೆಯೊಳಗೆ ಮೊಬೈಲು ಹಿಡಿದು ಕನ್ನಡದಲ್ಲಿ ಹುಡುಕಿದ. ರೋಗಾಣುವಿನ ವಿಚಾರವೂ ಔಷಧಿಗಳ ಹೆಸರುಗಳೂ ಸಿಕ್ಕಿದುವು. ತನಗೆ ಬೇಕಾಗಿದ್ದ ಒಂದು ಮಾತು ಮಾತ್ರ ಎಲ್ಲಿಯೂ ಸಿಕ್ಕಲಿಲ್ಲ. ಮೂರನೆಯ ವಾರಕ್ಕೆ ಮಾತ್ರೆ ನಿಲ್ಲಿಸಿಬಿಟ್ಟ. ಜ್ವರ ತಿರುಗಿ ಬಂದ ಮೇಲೆ ಆಸ್ಪತ್ರೆಗೆ ಬಂದವನಿಗೆ ಕನ್ನಡ ಬಲ್ಲ ಈ ಹುಡುಗಿ ಕಣ್ಣಿಗೆ ಬಿದ್ದುದು ಅವನ ಪುಣ್ಯ.

ಕ್ಷಯದ ಔಷಧಿಗಳಲ್ಲಿ ರಿಫಾಂಪಿಸಿನ್ ಎಂಬುದೊಂದಿದೆ. ಅದಕ್ಕೇ ಗಾಢವಾದ ಬಣ್ಣವಿದ್ದು, ಅದು ಮೂತ್ರದಲ್ಲಿಯೂ ಬೆವರಿನಲ್ಲಿಯೂ ಕಣ್ಣೀರಿನಲ್ಲಿಯೂ ಇಳಿದುಬರುತ್ತದೆ. ಅದರಿಂದ ಅಪಾಯವಿಲ್ಲ. ಅಪಾಯವಿರುವುದು ಮಾತ್ರೆ ಬಿಡುವುದರಲ್ಲಿ. ಸಾಮಾನ್ಯ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಅನಂತರ ನಾಲ್ಕು ತಿಂಗಳು ಮೂರು ಔಷಧಿ. ಕೆಲವೇ ವಾರಗಳಲ್ಲಿ ಕೆಮ್ಮು ತಗ್ಗಿ, ಹಸಿವು ಮರಳಿ, ಗುಣವಾಯಿತೆಂದು ತೋರುತ್ತದೆ. ಆದರೆ ನಿಧಾನವಾಗಿ ಬೆಳೆಯುವ ರೋಗಾಣುಗಳು ಒಳಗೆ ಉಳಿದೇ ಇರುತ್ತವೆ. ನಡುವೆ ಬಿಟ್ಟರೆ ರೋಗ ಮರಳುವುದಲ್ಲದೆ, ಅದೇ ಔಷಧಿಗೆ ಮಣಿಯದ ರೂಪದಲ್ಲಿ ಮರಳುವ ಭಯವೂ ಉಂಟು.

ಆ ರಾತ್ರಿ ಅವನಿಗೆ ಸಿಕ್ಕದಿದ್ದ ಮಾತನ್ನು ತಾನೇ ಬರೆದು ಸೇರಿಸಬೇಕೆಂದು ಹುಡುಗಿ ನಿಶ್ಚಯಿಸಿದಳು. ಸೇರಿಸುವುದೆಲ್ಲಿ? ವಿಕಿಪೀಡಿಯದಲ್ಲಿ. 2001ರ ಜನವರಿಯಲ್ಲಿ ಇಂಗ್ಲಿಷಿನಲ್ಲಿ ಆರಂಭವಾದ ಈ ವಿಶ್ವಕೋಶಕ್ಕೆ 2003ರಲ್ಲಿ ಕನ್ನಡದ ಶಾಖೆಯೂ ಹುಟ್ಟಿತು. ಅದರಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಸಂಬಳವಿಲ್ಲ, ಲೇಖನದ ಕೆಳಗೆ ಹೆಸರೂ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂದುದು 1969ರಲ್ಲಿ, ಹದಿನಾಲ್ಕನೆಯದು 2004ರಲ್ಲಿ. ಅದು ಮಹತ್ಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ವೈದ್ಯವಿಚಾರವು ಸಂಪುಟದಿಂದ ಸಂಪುಟಕ್ಕೆ ಕಾಯುವುದಿಲ್ಲ. ನಮ್ಮ ದೇಶದ ಸರಕಾರಿ ಯೋಜನೆಯಲ್ಲಿಯೇ ವಾರಕ್ಕೆ ಮೂರು ದಿನ ಕೊಡುತ್ತಿದ್ದ ಕ್ಷಯದ ಮಾತ್ರೆಯನ್ನು 2017ರಿಂದ ಪ್ರತಿದಿನ ಕೊಡುವಂತೆ ಬದಲಾಯಿಸಿದರು. ಅಚ್ಚಾದ ಪುಸ್ತಕದಲ್ಲಿ ಹಳೆಯದು ಹಾಗೆಯೇ ನಿಲ್ಲುತ್ತದೆ. ವಿಕಿಪೀಡಿಯದಲ್ಲಿ ತಿದ್ದುವವರೊಬ್ಬರು ಇದ್ದರೆ ಆ ಕ್ಷಣವೇ ತಿದ್ದಬಹುದು. ಆ ಒಬ್ಬರು ಸಿಕ್ಕುವುದೇ ಕಷ್ಟ.

ಡೊಂಬಿವಲಿಯಿಂದ ದಾದರಿನವರೆಗಿನ ರೈಲಿನಲ್ಲಿ, ಮಹಿಳೆಯರ ಡಬ್ಬಿಯಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕಿದ ದಿನ, ಅವಳು ಮೊಬೈಲಿನಲ್ಲೇ ಮೂರು ಸಾಲು ಬರೆದಳು. ಮರುದಿನ ನೋಡಿದರೆ ಆ ಸಾಲುಗಳು ಮಾಯ! ಹಳಬರಾದ ಸಂಪಾದಕರೊಬ್ಬರು ತೆಗೆದುಹಾಕಿ, ಆಧಾರವಿಲ್ಲವೆಂದು ಕಾರಣ ಬರೆದಿದ್ದರು. ತಾನು ಆಸ್ಪತ್ರೆಯಲ್ಲಿ ಕಣ್ಣಾರೆ ಕಂಡುದೆಂದು ಇವಳು ವಾದಿಸಿದಳು. ಕಣ್ಣಾರೆ ಕಂಡುದು ಇಲ್ಲಿ ನಡೆಯದು. ಒಪ್ಪಿತವಾದ ಪಠ್ಯಪುಸ್ತಕದಲ್ಲಿಯೋ ಸರಕಾರದ ಚಿಕಿತ್ಸಾ ಸೂಚಿಯಲ್ಲಿಯೋ ಇರುವುದನ್ನು ತೋರಿಸಬೇಕೆಂದು ಉತ್ತರ ಬಂದಿತು. ಗ್ರಂಥಾಲಯದಲ್ಲಿ ಕುಳಿತು ಆಧಾರ ಹುಡುಕಿ, ಪುಟದ ಸಂಖ್ಯೆಯೊಡನೆ ಸೇರಿಸಿದಳು. ಈ ಸಲ ವಾಕ್ಯ ಉಳಿಯಿತು. ಆದರೆ ಅದರ ಬಾಲಕ್ಕೆ ಅವಳು ಕಟ್ಟಿದ್ದ "ಹೆದರಬೇಡಿರಿ, ಮಾತ್ರೆ ನಿಲ್ಲಿಸಬೇಡಿರಿ" ಎಂಬ ಮಾತನ್ನು ಕತ್ತರಿಸಿದ್ದರು. ವಿಶ್ವಕೋಶವು ಇರುವುದನ್ನು ಹೇಳತಕ್ಕದ್ದು, ಓದುವವನಿಗೆ ಉಪದೇಶ ಮಾಡತಕ್ಕದ್ದಲ್ಲ ಎಂಬುದು ಅಲ್ಲಿಯ ಪದ್ಧತಿ.

ಇದನ್ನು ಕೇಳಿದಾಗ ನಮಗೆ ಸಿಟ್ಟೇ ಬಂದಿತು. ಹುಡುಗಿ ನಕ್ಕಳು. "ಯಾರು ಬೇಕಾದರೂ ಬರೆಯುವ ಕಡೆ, ಕಂಡದ್ದನ್ನೆಲ್ಲ ಬರೆಯಬಹುದು ಅಂತಾದರೆ, ನಾಳೆ ಯಾರೋ ಬಂದು ಕ್ಷಯಕ್ಕೆ ಆಡಿನ ಹಾಲೇ ಮದ್ದು ಅಂತ ಬರೀತಾರೆ ಮಾಮ. ಅವರೂ ಕಣ್ಣಾರೆ ಕಂಡದ್ದು ಅಂತಲೇ ಹೇಳ್ತಾರೆ" ಎಂದಳು. ನಾವು ಬಾಯಿ ಮುಚ್ಚಿಕೊಂಡೆವು.

ಈಗ ಬಣ್ಣದ ವಿಚಾರ. ಇಂಗ್ಲಿಷ್ ಪುಸ್ತಕದಲ್ಲಿ ಆರೆಂಜಿಗೂ ಕೆಂಪಿಗೂ ನಡುವಣ ಬಣ್ಣವೆಂದಿತ್ತು. ಅವಳು 'ರಕ್ತಪೀತ' ಎಂದು ಬರೆದು, ರಕ್ತವೆಂಬುದನ್ನು ಕಂಡರೆ ಮಾಣಿ ಮತ್ತಷ್ಟು ಹೆದರಿಯಾನೆಂದು ಅಳಿಸಿದ್ದಳು. ನಮ್ಮ ಹೋಟೆಲು ಬುದ್ಧಿ ಎಲ್ಲಿಗೆ ಹೋದೀತು! "ಕೇಸರಿಬಾತಿನ ಬಣ್ಣ" ಎಂದೆವು. ವಿಶ್ವಕೋಶಕ್ಕೆ ಅದು ಹೊಂದದೆಂದು ಇಬ್ಬರೂ ಒಪ್ಪಿ, ಕೊನೆಗೆ 'ಕಿತ್ತಳೆಗೆಂಪು' ಎಂಬಲ್ಲಿಗೆ ಬಂದು ನಿಂತೆವು. ಅರ್ಧ ಗಂಟೆ ಹಿಡಿಯಿತು. ಇದು ವ್ಯರ್ಥ ಕಾಲಕ್ಷೇಪವೆಂದು ಯಾರಿಗಾದರೂ ತೋರಿದರೆ, 2009ರಿಂದ 2011ರ ವರೆಗೆ ಗೂಗಲ್ ಸಂಸ್ಥೆಯವರು ಹಣ ಕೊಟ್ಟು ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ತುಂಬಿಸಿದ ಅನುವಾದಗಳಲ್ಲಿ ಒಂದೆರಡನ್ನು ಓದಿ ನೋಡಲಿ. ಶಬ್ದಗಳು ಕನ್ನಡದವು, ವಾಕ್ಯ ಯಾವ ದೇಶದ್ದೋ.

ಹೊರದೇಶಗಳಲ್ಲಿ ಇಂತಹ ಕೆಲಸವನ್ನು ವಿದ್ಯಾರ್ಥಿಗಳಿಗೆ ಪಾಠದ ಭಾಗವಾಗಿಯೇ ಕೊಟ್ಟುದುಂಟು. ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ 2013ರಿಂದ ಕೊನೆಯ ವರ್ಷದ ವೈದ್ಯ ವಿದ್ಯಾರ್ಥಿಗಳು ವಿಕಿಪೀಡಿಯದ ಆರೋಗ್ಯ ಲೇಖನಗಳನ್ನು ತಿದ್ದುವುದಕ್ಕೆ ಅಂಕ ಪಡೆದರು; 43 ವಿದ್ಯಾರ್ಥಿಗಳು ಸೇರಿ ಮಾಡಿದ ತಿದ್ದುಪಡಿಗಳು 1,528. ನಮ್ಮ ಹುಡುಗಿಗೆ ಅಂಕವಿಲ್ಲ. ರೈಲಿನಲ್ಲಿ ಜಾಗ ಸಿಕ್ಕಿದರೆ ಅದೇ ಭಾಗ್ಯ.

ಇಷ್ಟನ್ನು ಬರೆಯುವಾಗ ನಮ್ಮದೊಂದು ಹಳೆಯ ಪ್ರಸಂಗವನ್ನು ಮುಚ್ಚಿಡುವುದು ಸರಿಯಲ್ಲ. 2008ರಲ್ಲಿ ನಮ್ಮ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗನೊಬ್ಬನಿಗೆ ಕೆಮ್ಮು ಹಿಡಿಯಿತು. ಕ್ಷಯವೆಂಬ ಗುಸುಗುಸು ಎದ್ದೊಡನೆ, ಅವನ ಲೋಟದಿಂದ ಗಿರಾಕಿಗಳಿಗೆ ತಗಲೀತೆಂದು ಹೆದರಿ, ಆ ತಿಂಗಳ ಸಂಬಳವನ್ನೂ ಬಸ್ಸಿನ ಹಣವನ್ನೂ ಕೈಗಿತ್ತು ಅದೇ ರಾತ್ರಿ ಊರಿಗೆ ಕಳುಹಿಸಿದೆವು. ಕಫ ಪರೀಕ್ಷೆ ಮಾಡಿಸಲಿಲ್ಲ. ಹಣ ಕೊಟ್ಟೆವಲ್ಲಾ, ನ್ಯಾಯವಾಗಿ ನಡೆದುಕೊಂಡೆವಲ್ಲಾ ಎಂದು ಸಮಾಧಾನಪಟ್ಟುಕೊಂಡೆವು. ಕ್ಷಯವು ಲೋಟದಿಂದ ಹರಡುವುದಿಲ್ಲ, ತಟ್ಟೆಯಿಂದ ಹರಡುವುದಿಲ್ಲ. ರೋಗಿ ಕೆಮ್ಮಿದಾಗ ಗಾಳಿಯಲ್ಲಿ ಹರಡುತ್ತದೆ ಎಂಬುದನ್ನು ನಮಗೆ ಹೇಳಿದವಳು ಈಗ ಈ ಹುಡುಗಿ. ಅವನ ಲೋಟಕ್ಕೆ ನಾವು ಹೆದರಿದೆವು. ಅವನೊಡನೆ ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗುತ್ತಿದ್ದ ಎಂಟು ಮಂದಿಯನ್ನು ನೆನೆಯಲೇ ಇಲ್ಲ. ಆ ಹುಡುಗ ಏನಾದನೆಂದು ನಾವು ವಿಚಾರಿಸಿದವರೂ ಅಲ್ಲ.

ನಮ್ಮದು ವಿಶ್ವಕೋಶವಲ್ಲ, ದಿನಪತ್ರಿಕೆ. ಆದುದರಿಂದ ಅಲ್ಲಿ ಕತ್ತರಿಸಿದ ಮಾತನ್ನು ಇಲ್ಲಿ ಅಚ್ಚು ಹಾಕಿಸುವುದಕ್ಕೆ ನಮಗೆ ಅಡ್ಡಿಯಿಲ್ಲ. ಎರಡು ವಾರ ಮೀರಿ ಕೆಮ್ಮು ನಿಲ್ಲದಿದ್ದರೆ ಮಹಾನಗರಪಾಲಿಕೆಯ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿಕೊಳ್ಳಿರಿ. ಪರೀಕ್ಷೆಗೂ ಮಾತ್ರೆಗೂ ಹಣವಿಲ್ಲ. ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆಂದು ಸರಕಾರದಿಂದ ರೋಗಿಯ ಖಾತೆಗೆ ಹಣ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿಯಿದ್ದುದನ್ನು 2024ರ ನವೆಂಬರದಿಂದ 1,000 ರೂಪಾಯಿಗೆ ಏರಿಸಿದರು. ಮೂತ್ರ ಕಿತ್ತಳೆಗೆಂಪಾದರೆ ಹೆದರಬೇಡಿರಿ, ಮಾತ್ರೆ ನಿಲ್ಲಿಸಬೇಡಿರಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂದವಾದರೆ ಮಾತ್ರ ಅದೇ ದಿನ ವೈದ್ಯರಲ್ಲಿಗೆ ಓಡಿರಿ. ಅವು ಬೇರೆಯೇ ಲಕ್ಷಣಗಳು. ಹೋಟೆಲಿನ ಧಣಿಗಳಲ್ಲಿ ನಮ್ಮದೊಂದು ವಿಜ್ಞಾಪನೆ: ಹುಡುಗನನ್ನು ಬಸ್ಸು ಹತ್ತಿಸುವುದಕ್ಕೆ ಮೊದಲು ಆಸ್ಪತ್ರೆಯ ಮೆಟ್ಟಲು ಹತ್ತಿಸಿರಿ.

ಮೊನ್ನೆ ಭಟ್ಟರ ಮಗಳು ತಿರುಗಿ ಬಂದಿದ್ದಳು. ಮಾಣಿಗೆ ವೈದ್ಯರು ಚಿಕಿತ್ಸೆಯನ್ನು ಮೊದಲಿನಿಂದ ಆರಂಭಿಸಿದ್ದಾರಂತೆ. ಇನ್ನೆರಡು ತಿಂಗಳು ಬಾಕಿ. ಅವನು ಈಗಲೂ ಅದೇ ಮೇಲ್ಮಾಳಿಗೆಯಲ್ಲಿದ್ದಾನೆ. ಧಣಿ ಒಂದು ಕಿಟಕಿ ಒಡೆಸಿಕೊಟ್ಟಿದ್ದಾರೆ. ಇವಳು ಈಗ ರಕ್ತಹೀನತೆಯ ಲೇಖನಕ್ಕೆ ಕೈಹಾಕಿದ್ದಾಳೆ. ಈ ಸಲ ಶಬ್ದ ಕೇಳಲಿಲ್ಲ; ಆಧಾರಕ್ಕೆ ಒದಗುವಂತಹ ಹೊಸ ವೈದ್ಯಗ್ರಂಥ ಕನ್ನಡದಲ್ಲಿ ಯಾವುದಾದರೂ ಇದೆಯೇ ಎಂದು ಕೇಳಿದಳು. ನಮ್ಮ ಕಪಾಟಿನಲ್ಲಿದ್ದುದನ್ನೆಲ್ಲ ತೆಗೆದು ಮೇಜಿನ ಮೇಲೆ ಹರಡಿದೆವು. ಅವಳು ಒಂದೊಂದರ ಮೊದಲ ಪುಟ ತೆರೆದು ಅಚ್ಚಾದ ವರ್ಷ ನೋಡಿ, ಒಂದೊಂದಾಗಿ ಬದಿಗಿಟ್ಟಳು.