ಯುದ್ಧಕಾಲೇ ಶಸ್ತ್ರಾಭ್ಯಾಸ

ವೀಕ್ಷಕರೇ, ಜುಲೈ ತಿಂಗಳು ಬಂತು ಅಂದರೆ ನಮ್ಮ ಸ್ಟುಡಿಯೋದಲ್ಲಿ ಒಂದು ಪದಕ್ಕೆ ಬಿಡುವೇ ಇರುವುದಿಲ್ಲ. ಅದು ‘ಯುದ್ಧೋಪಾದಿ’. ಯುದ್ಧೋಪಾದಿಯಲ್ಲಿ ರಕ್ಷಣೆ, ಯುದ್ಧೋಪಾದಿಯಲ್ಲಿ ಪರಿಹಾರ. ಸರಿ ಸ್ವಾಮಿ, ಆದರೆ ಯುದ್ಧ ಶುರುವಾದ ಮೇಲೆ ಬಂದೂಕು ಹುಡುಕುವ ಸೈನ್ಯ ಎಲ್ಲಾದರೂ ಉಂಟಾ?

ಒಡಿಶಾ ಕಡೆ ನೋಡಿ. 1999ರ ಅಕ್ಟೋಬರ್ 29ರಂದು ಅಪ್ಪಳಿಸಿದ ಸೂಪರ್ ಸೈಕ್ಲೋನ್ ಅಲ್ಲಿ ಸುಮಾರು 10 ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. 2019ರ ಮೇ 3ರಂದು ಪುರಿ ಬಳಿ ಫೋನಿ ಚಂಡಮಾರುತ ದಡಕ್ಕೆ ಬಡಿಯಿತು. ಆಗ ಸತ್ತವರು 64 ಮಂದಿ. 1999ರದ್ದು ಇನ್ನೂ ಬಲವಾದ ಚಂಡಮಾರುತ, ಒಪ್ಪೋಣ. ಆದರೆ ಫೋನಿಯೂ ಸಣ್ಣದೇನಲ್ಲ. ವ್ಯತ್ಯಾಸ ಎಲ್ಲಿತ್ತು ಅಂದರೆ, ಈ ಬಾರಿ ಗಾಳಿ ಬರುವ ಮೊದಲೇ ಸುಮಾರು 12 ಲಕ್ಷ ಜನರನ್ನು ಸ್ಥಳಾಂತರ ಮಾಡಿದ್ದರು.

ಅಷ್ಟು ಜನರನ್ನು ಎಲ್ಲಿಗೆ ಕರ್ಕೊಂಡು ಹೋಗೋದು? ಉತ್ತರ ಮೊದಲೇ ಕಟ್ಟಿಟ್ಟಿದ್ದರು. ಕರಾವಳಿಯುದ್ದಕ್ಕೂ ಎತ್ತರದ ಕಂಬಗಳ ಮೇಲೆ ನಿಂತ ಆಶ್ರಯ ಕಟ್ಟಡಗಳು. ನೀರು ನುಗ್ಗಿದರೂ ಕೆಳಗೆ ಹರಿದು ಹೋಗುತ್ತದೆ. ಉಳಿದ ದಿನ ಅದರಲ್ಲೇ ಶಾಲೆ ನಡೆಯುತ್ತದೆ, ಊರಿನ ಸಭೆ ನಡೆಯುತ್ತದೆ. ಬಳಕೆಯಲ್ಲಿರುವುದರಿಂದ ಬೀಗ ತುಕ್ಕು ಹಿಡಿಯಲ್ಲ, ದಾರಿಯೂ ಮರೆತು ಹೋಗಲ್ಲ. ನೋಡಿಕೊಳ್ಳುವುದು ಊರಿನದೇ ಸಮಿತಿ. ಬಿದ್ದ ಮರ ಕತ್ತರಿಸುವ ಗರಗಸ, ಜನರೇಟರ್, ಅಡುಗೆ ಪಾತ್ರೆ ಎಲ್ಲವೂ ಅಲ್ಲೇ ಇರುತ್ತವೆ.

ಇದು ಪ್ರಕೃತಿಯ ಮಾತಾಯ್ತು. ಮನುಷ್ಯ ತಂದುಕೊಳ್ಳುವ ದುರಂತದ ಪಾಠ ಭೋಪಾಲ್. 1984ರ ಡಿಸೆಂಬರ್ 2ರ ಮಧ್ಯರಾತ್ರಿ ಕೀಟನಾಶಕ ಕಾರ್ಖಾನೆಯಿಂದ ವಿಷಾನಿಲ ಸೋರಿದಾಗ ಸುತ್ತಲಿನ ಜನ ದಿಕ್ಕು ತಿಳಿಯದೆ ಓಡಿದರು. ಬಂದ ರೋಗಿಗಳಿಗೆ ಯಾವ ಚಿಕಿತ್ಸೆ ಕೊಡಬೇಕೆಂದು ವೈದ್ಯರಿಗೂ ಗೊತ್ತಿರಲಿಲ್ಲ. ಕಾರ್ಖಾನೆಯೊಳಗೆ ಏನಿದೆ, ಸೋರಿದರೆ ಏನು ಮಾಡಬೇಕು ಅನ್ನೋ ಮಾಹಿತಿ ಗೋಡೆಯಾಚೆ ಬಂದಿರಲೇ ಇಲ್ಲ. ಅಂದರೆ ಸೌಲಭ್ಯ ಅಂದರೆ ಬರೀ ಕಟ್ಟಡವಲ್ಲ, ಮಾಹಿತಿಯೂ ಸೌಲಭ್ಯವೇ.

ಈಗ ನಮ್ಮ ಮನೆಗೆ ಬರೋಣ. 2018ರಲ್ಲಿ ಕೊಡಗು ಕುಸಿಯಿತು. 2019ರಲ್ಲಿ ಉತ್ತರ ಕರ್ನಾಟಕ ಮುಳುಗಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆಯೇ ಬಿತ್ತು. ಪ್ರತಿ ಸಲವೂ ಶಾಲೆ, ಹಾಸ್ಟೆಲ್, ಕಲ್ಯಾಣ ಮಂಟಪಗಳೇ ಕಾಳಜಿ ಕೇಂದ್ರ. ತಪ್ಪಲ್ಲ. ಆದರೆ ಆ ಶಾಲೆಯೇ ಹೊಳೆ ದಂಡೆಯಲ್ಲಿದ್ದರೆ? ನೂರಾರು ಜನಕ್ಕೆ ಎರಡೇ ಶೌಚಾಲಯ ಇದ್ದರೆ? ಬಾಣಂತಿಗೆ ಮರೆ ಎಲ್ಲಿ? ದನ ಕಟ್ಟಲು ಜಾಗ ಎಲ್ಲಿ? ದನ ಬಿಟ್ಟು ರೈತ ಬರಲ್ಲ, ಇದು ನೆನಪಿರಲಿ.

2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ, ಜಿಲ್ಲೆಗೊಂದು ಯೋಜನೆ ಇರಬೇಕು, ಅದನ್ನು ಪ್ರತಿ ವರ್ಷ ಪರಿಷ್ಕರಿಸಬೇಕು. ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ಮೂರೇ ಪ್ರಶ್ನೆ ಕೇಳಿ. ನಮ್ಮೂರಿನ ಕಾಳಜಿ ಕೇಂದ್ರ ಯಾವುದು? ಅದರ ಕೀಲಿ ಯಾರ ಹತ್ರ ಇದೆ? ನಡೆಯಲಾಗದ ಅಜ್ಜ ಅಜ್ಜಿಯರನ್ನು ಅಲ್ಲಿಗೆ ಕರೆತರುವವರು ಯಾರು?

ಗುಡ್ಡ ಜರಿದಾಗ ಮೊದಲು ಓಡಿ ಬರುವುದು ಪಕ್ಕದ ಮನೆಯವರು. ಪಡೆಗಳು ಆಮೇಲೆ, ನಮ್ಮ ಕ್ಯಾಮೆರಾ ಇನ್ನೂ ಆಮೇಲೆ. ಆ ಪಕ್ಕದ ಮನೆಯವರ ಕೈಗೆ ಹಗ್ಗ, ಟಾರ್ಚು, ತರಬೇತಿ ಕೊಡುವ ಕೆಲಸ ಮಳೆಗಾಲಕ್ಕೆ ಮುಂಚೆಯೇ ಆಗಬೇಕು. ಮಳೆ ಶುರುವಾದ ಮೇಲೆ ಮಾಡಿದರೆ ಅದು ಮೀಟಿಂಗ್ ಅಷ್ಟೇ.