ಬೆವರು ಬಾರದ ಹುಡುಗ

ರಾಯಚೂರಿನ ಬೇಸಿಗೆಯಲ್ಲಿ ಎಲ್ಲರೂ ಬೆವರು ಒರೆಸಿಕೊಳ್ಳುತ್ತಾ ಬಿಸಿಲಿಗೆ ಬೈಯುತ್ತಾರೆ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಏಕೆಂದರೆ, ನನಗೆ ಬೆವರೇ ಬರುವುದಿಲ್ಲ.

ಈ ಅಪರೂಪದ ಕಾಯಿಲೆಯ ಹೆಸರು ಹೈಪೊಹೈಡ್ರೋಟಿಕ್ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ. ತಲೆಯ ಮೇಲೆ ನಾಲ್ಕೆಳೆ ಕೂದಲು, ಬಾಯಲ್ಲಿ ಮೊಳೆಯಂತೆ ಚೂಪಾದ ಕೆಲವೇ ಹಲ್ಲು. ಚಿಕ್ಕವನಿದ್ದಾಗ ಕಾರಣವಿಲ್ಲದೆ ಮೈ ಕಾಯುತ್ತಿತ್ತು. ಜ್ವರಕ್ಕೆ ಒಬ್ಬ ಡಾಕ್ಟರು ಸಿರಪ್ ಕೊಟ್ಟರು, ಕೂದಲಿಗೆ ಇನ್ನೊಬ್ಬರು ಎಣ್ಣೆ ಬರೆದರು, ಹಲ್ಲಿಗೆ ಮತ್ತೊಬ್ಬರು ‘ಕಾಯಿರಿ, ಬರುತ್ತೆ’ ಎಂದರು. ನನಗೆ 9 ವರ್ಷವಾದಾಗ ಚರ್ಮರೋಗ ತಜ್ಞೆಯೊಬ್ಬರು ಮೂರನ್ನೂ ಒಟ್ಟಿಗೆ ನೋಡಿ, ಇದೆಲ್ಲ ಒಂದೇ ಕಾಯಿಲೆ ಎಂದರು.

ಕೂದಲು, ಹಲ್ಲು, ಬೆವರಿನ ಗ್ರಂಥಿ ಮೂರೂ ರೂಪುಗೊಳ್ಳಲು ಶುರುವಾಗುವುದು ಭ್ರೂಣದ ಹೊರಪದರದಲ್ಲಿ. ಎಕ್ಸ್ ಕ್ರೋಮೋಸೋಮಿನಲ್ಲಿರುವ ಇಡಿಎ ಎಂಬ ಜೀನ್ ಕೆಟ್ಟರೆ ಮೂರೂ ಸರಿಯಾಗಿ ಮೂಡುವುದಿಲ್ಲ. ಆ ಜೀನ್ ಪತ್ತೆಯಾಗಿದ್ದು 1996ರಲ್ಲಿ.

‘ಇದು ತಾಯಿಯ ಕಡೆಯಿಂದ ಬಂದಿದೆ’ ಎಂದು ಡಾಕ್ಟರು ಹೇಳಿದ ದಿನ ಅವ್ವ, ‘ನನ್ನಿಂದನ ಆತೇನಪ್ಪ?’ ಎಂದು ಅತ್ತಳು. ಅವಳಿಗೆ ಎರಡು ಹಲ್ಲು ಹುಟ್ಟಿಲ್ಲ ಎಂಬುದು ಬಿಟ್ಟರೆ ಬೇರೇನೂ ತೊಂದರೆಯಿಲ್ಲ. ಆಗ ನನ್ನ ಬಳಿ ಉತ್ತರವಿರಲಿಲ್ಲ.

ಪಿಯುಸಿಯಲ್ಲಿದ್ದಾಗ ಸಿಕ್ಕಿತು. 1875ರಲ್ಲೇ ಚಾರ್ಲ್ಸ್ ಡಾರ್ವಿನ್, ಸಿಂಧ್‌ನ ಒಂದು ಹಿಂದೂ ಕುಟುಂಬದ ಬಗ್ಗೆ ಬರೆದಿದ್ದ. ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಹಲ್ಲು, ಕೂದಲು ಕಡಿಮೆ. ಬಿಸಿಲಲ್ಲೂ ಮೈ ಒಣಒಣ. ಹೆಣ್ಣುಮಕ್ಕಳಿಗೆ ಏನೂ ಆಗದಿದ್ದರೂ ಅವರ ಗಂಡುಮಕ್ಕಳಿಗೆ ಬರುತ್ತಿತ್ತು. ಅದನ್ನು ಓದಿ ಹೇಳಿ, ‘ಇದು ಆ ತಾಯಂದಿರ ತಪ್ಪಲ್ಲ ಅಂದ್ಮ್ಯಾಲೆ ನಿಂದ್ಹೆಂಗ ತಪ್ಪಾಗ್ತದವ್ವಾ?’ ಎಂದೆ. ಅವ್ವ ಏನೂ ಮಾತಾಡಲಿಲ್ಲ. ನನ್ನ ಟವೆಲ್ ನೆನೆಸಿ ತಂದು ಹೆಗಲಿಗೆ ಹಾಕಿದಳು.

ಈಗ ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2,400 ಜೂಲ್ ಶಾಖವನ್ನು ಒಯ್ಯುತ್ತದೆ ಎಂಬುದು ಗೆಳೆಯರಿಗೆ ಪರೀಕ್ಷೆಯ ಲೆಕ್ಕ, ನನಗೆ ದಿನದ ಬದುಕು. ಒದ್ದೆ ಟವೆಲ್, ನೀರಿನ ಸ್ಪ್ರೇ ಬಾಟಲಿ ಸದಾ ಬ್ಯಾಗಿನಲ್ಲಿರುತ್ತವೆ. ಮುಂದಿನ ವರ್ಷ ಕ್ಯಾಂಪಸ್ ಸಂದರ್ಶನ. ನನ್ನ ತಲೆ, ಹಲ್ಲು ನೋಡಿದ ಮೇಲೂ ನನ್ನ ಉತ್ತರ ಕೇಳಿಸಿಕೊಂಡರೆ ಸಾಕು.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಕೂದಲು ವಿರಳವಾಗಿರುವ, ಹಲ್ಲು ಬಾರದ, ಬಿಸಿಲಿಗೆ ಮೈ ಸುಡುವ ಮಗುವಿದ್ದರೆ ನಗಬೇಡಿ. ಮೂರನ್ನೂ ಒಬ್ಬರೇ ಡಾಕ್ಟರ ಮುಂದೆ ಒಟ್ಟಿಗೆ ಹೇಳುವಂತೆ ಅದರ ತಾಯಿಗೆ ತಿಳಿಸಿ. ನಿನ್ನ ತಪ್ಪಲ್ಲ ಎಂಬುದನ್ನೂ ಹೇಳಿ.