ತೂಕ ಇಳಿಯುವ ಮೊದಲೇ ಇಳಿಯುವ ರಕ್ತದೊತ್ತಡ

ಪದವಿ ತರಗತಿಯಲ್ಲಿ ಓದುತ್ತಿರುವ ಇಪ್ಪತ್ತು ವರ್ಷದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಎತ್ತರ 160 ಸೆಂಟಿಮೀಟರ್, ತೂಕ 103 ಕಿಲೋಗ್ರಾಂ. ರಕ್ತದೊತ್ತಡವೂ ಹೆಚ್ಚಿದೆ ಎಂದು ವೈದ್ಯರು ಎಚ್ಚರಿಸಿದ ಮೇಲೆ ಬೆಳಗಿನ ನಿದ್ದೆ ಬಿಟ್ಟು ಆರು ವಾರ ನಡೆದಿದ್ದಾನೆ. ರಸ್ತೆಯಲ್ಲಿ ನೋಡಿ ನಕ್ಕವರನ್ನೂ ಸಹಿಸಿಕೊಂಡಿದ್ದಾನೆ. ಏಳನೆಯ ವಾರ ಆಸೆಯಿಂದ ತೂಕದ ಯಂತ್ರ ಹತ್ತಿದರೆ ಮುಳ್ಳು 102ರಲ್ಲಿ ನಿಂತಿದೆ. ‘ಇಷ್ಟು ದಿನ ನಡೆದದ್ದೆಲ್ಲ ದಂಡ’ ಎಂದು ಮನೆಯಲ್ಲಿ ಯಾರೋ ಅಂದುಬಿಡುತ್ತಾರೆ. ಮರುದಿನ ಅವನು ಏಳುವುದಿಲ್ಲ.

ಇಂಥ ಪ್ರಸಂಗ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಆದರೆ ನಡಿಗೆ ದಂಡವಾಯಿತೆಂದು ತೀರ್ಪು ಕೊಟ್ಟದ್ದು ತೂಕದ ಯಂತ್ರ. ರಕ್ತನಾಳಗಳ ಒಳಗೆ ಏನಾಗಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ವ್ಯಾಯಾಮದಿಂದ ರಕ್ತದೊತ್ತಡ ಇಳಿಯಬೇಕಾದರೆ ತೂಕವೂ ಇಳಿಯಲೇಬೇಕು ಎಂಬ ನಿಯಮವೇನೂ ಇಲ್ಲ. ಇದು ಅನೇಕ ಪ್ರಯೋಗಗಳಲ್ಲಿ ಕಂಡುಬಂದಿರುವ ಸಂಗತಿ.

ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ದೇಹತೂಕ ಸೂಚ್ಯಂಕ ಎಂದು ಹೆಸರು. ವಯಸ್ಕರಲ್ಲಿ ಇದು 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೀವ್ರ ಸ್ಥೂಲಕಾಯ ಎನ್ನುತ್ತಾರೆ. ನಮ್ಮ ಹುಡುಗ ಆ ಗೆರೆಯನ್ನು ಕೂದಲೆಳೆಯಷ್ಟು ದಾಟಿದ್ದಾನೆ. ಲೆಕ್ಕ ಮಾಡಿ ನೋಡಿ.

ಬೊಜ್ಜಿಗೂ ರಕ್ತದೊತ್ತಡಕ್ಕೂ ಏನು ನಂಟು? ಬೊಜ್ಜು ಸುಮ್ಮನೆ ಕಟ್ಟಿಟ್ಟ ಮೂಟೆಯಲ್ಲ, ಅದು ಜೀವಂತ ಅಂಗಾಂಶ. ಅದಕ್ಕೂ ರಕ್ತ ಬೇಕು. ಹಾಗಾಗಿ ದೇಹದಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಹೃದಯ ಪ್ರತಿ ನಿಮಿಷ ಹೆಚ್ಚು ರಕ್ತವನ್ನು ತಳ್ಳಬೇಕಾಗುತ್ತದೆ. ಕೊಬ್ಬಿನ ಜೀವಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ಸುರಿಸುತ್ತವೆ. ಅದು ನರಮಂಡಲವನ್ನು ಕೆರಳಿಸಿ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಮೂತ್ರಪಿಂಡಗಳ ಸುತ್ತ ಸೇರಿದ ಕೊಬ್ಬು ಅವನ್ನು ಒತ್ತುತ್ತದೆ, ಅವು ಹೊರಹಾಕಬೇಕಾದ ಉಪ್ಪನ್ನು ಉಳಿಸಿಕೊಳ್ಳುತ್ತವೆ. ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟುವವರಲ್ಲಂತೂ ನಿದ್ದೆಯಲ್ಲಿಯೂ ಒತ್ತಡಕ್ಕೆ ಬಿಡುವಿಲ್ಲ.

ಇನ್ನು ವ್ಯಾಯಾಮ. ನಡೆಯುವಾಗ, ಓಡುವಾಗ ರಕ್ತದೊತ್ತಡ ಇಳಿಯುವುದಿಲ್ಲ, ಏರುತ್ತದೆ! ಹೃದಯ ಸಂಕುಚಿಸಿದಾಗಿನ ಒತ್ತಡ ಪಾದರಸದ 120 ಮಿಲಿಮೀಟರಿನಿಂದ 160, 180ಕ್ಕೂ ಹೋಗಬಹುದು. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುವ ಹೃದಯ ಶ್ರಮದ ಕಾಲದಲ್ಲಿ ಅದರ ಮೂರು ನಾಲ್ಕು ಪಟ್ಟು ತಳ್ಳುತ್ತದೆಯಲ್ಲ, ಏರದೆ ಏನು ಮಾಡೀತು? ಸ್ವಾರಸ್ಯ ಇರುವುದು ವ್ಯಾಯಾಮ ಮುಗಿದ ಮೇಲೆ. 1898ರಲ್ಲಿ ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಲಿಯೊನಾರ್ಡ್ ಹಿಲ್, 400 ಗಜ ಓಡಿದ ಬಳಿಕ ರಕ್ತದೊತ್ತಡ ಓಟಕ್ಕೆ ಮೊದಲಿದ್ದುದಕ್ಕಿಂತ ಕೆಳಗಿಳಿದು ಸುಮಾರು ಒಂದೂವರೆ ಗಂಟೆ ಹಾಗೆಯೇ ಇದ್ದುದನ್ನು ದಾಖಲಿಸಿದ. ಅಧಿಕ ರಕ್ತದೊತ್ತಡ ಇರುವವರಲ್ಲಿ ಒಂದೇ ಒಂದು ಸಲದ ನಡಿಗೆಯ ಪರಿಣಾಮ ಹಲವು ಗಂಟೆ, ಕೆಲವೊಮ್ಮೆ ಇಡೀ ದಿನ ಉಳಿಯಬಹುದು ಎಂದು ಮುಂದೆ ತಿಳಿದುಬಂತು. ಒಂದು ನಡಿಗೆಯಿಂದ ಬೊಜ್ಜು ಕರಗಲು ಸಾಧ್ಯವೇ? ಇಲ್ಲ. ಅಂದರೆ ಇಳಿತದ ಕಾರಣ ಬೇರೆಡೆ ಇದೆ.

ಅದು ಇರುವುದು ರಕ್ತನಾಳದ ಒಳಗೋಡೆಯಲ್ಲಿ. ರಕ್ತ ರಭಸದಿಂದ ಹರಿದು ಈ ಗೋಡೆಯನ್ನು ಸವರಿದಾಗ ಅಲ್ಲಿನ ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪಾದಿಸುತ್ತವೆ. ಹೌದು, ವಾಹನಗಳ ಹೊಗೆಯಲ್ಲಿ ಇರುವ ಅದೇ ಅನಿಲ! ಅದು ನಾಳದ ಸ್ನಾಯುಗಳನ್ನು ಸಡಿಲಿಸುತ್ತದೆ, ನಾಳ ಹಿಗ್ಗುತ್ತದೆ. ಈ ರಹಸ್ಯವನ್ನು ಬಿಡಿಸಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಎಂಬ ಅಮೆರಿಕದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಂತು. ನಾಳ ಸ್ವಲ್ಪವೇ ಹಿಗ್ಗಿದರೆ ಏನು ಲಾಭ ಎನ್ನಬೇಡಿ. ಕೊಳವೆಯಲ್ಲಿ ಹರಿಯುವ ದ್ರವಕ್ಕೆ ಎದುರಾಗುವ ತಡೆ ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ತ್ರಿಜ್ಯ ನೂರಕ್ಕೆ ಹತ್ತರಷ್ಟು ಹೆಚ್ಚಿದರೂ ತಡೆ ಸುಮಾರು ಮೂರನೆಯ ಒಂದರಷ್ಟು ಕುಗ್ಗುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಅಂಕಕ್ಕಾಗಿ ಉರುಹೊಡೆಯುವ ಪ್ವಾಸೆಯ ನಿಯಮ ಹೀಗೆ ಪ್ರತಿಯೊಬ್ಬರ ಮೈಯಲ್ಲೂ ಕೆಲಸ ಮಾಡುತ್ತಿದೆ.

ವಾರಗಟ್ಟಲೆ ನಡೆದಾಗ ಕೆರಳಿದ ನರಮಂಡಲವೂ ತಣ್ಣಗಾಗುತ್ತದೆ, ಇನ್ಸುಲಿನ್ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ. ಅಧಿಕ ರಕ್ತದೊತ್ತಡವಿರುವವರು ಕ್ರಮವಾಗಿ ನಡಿಗೆ, ಸೈಕಲ್, ಈಜಿನಂಥ ವ್ಯಾಯಾಮ ಮಾಡಿದರೆ ಸಂಕೋಚನದ ಒತ್ತಡ ಸರಾಸರಿ 5ರಿಂದ 8 ಮಿಲಿಮೀಟರ್ ಇಳಿಯುತ್ತದೆ. ತೂಕವೂ ಇಳಿದರೆ ಕಿಲೋಗ್ರಾಮಿಗೆ ಸುಮಾರು ಒಂದು ಮಿಲಿಮೀಟರಿನಂತೆ ಇನ್ನಷ್ಟು ಲಾಭ. ಎಲ್ಲರಲ್ಲೂ ಒಂದೇ ಅಳತೆಯ ಇಳಿತ ಕಾಣುವುದಿಲ್ಲ, ನಿಜ. ಆದರೆ ಔಷಧಗಳ ದೊಡ್ಡ ಪರೀಕ್ಷೆಗಳಲ್ಲಿ 10 ಮಿಲಿಮೀಟರ್ ಇಳಿತದಿಂದಲೇ ಪಾರ್ಶ್ವವಾಯುವಿನ ಅಪಾಯ ಸುಮಾರು ಕಾಲುಭಾಗ ಕಡಿಮೆಯಾಗಿದೆ. ಅದನ್ನು ನೆನೆದರೆ ಐದೆಂಟು ಮಿಲಿಮೀಟರ್ ಕಡೆಗಣಿಸುವಂಥದ್ದಲ್ಲ.

ಇಷ್ಟೆಲ್ಲ ಆದ ಮೇಲೂ ಆ ಇಳಿತ ಕಣ್ಣಿಗೆ ಬೀಳದೆ ಹೋಗಬಹುದು. ಕಾರಣ ತೋಳಿಗೆ ಸುತ್ತುವ ಪಟ್ಟಿ! 1896ರಲ್ಲಿ ಇಟಲಿಯ ರಿವಾ ರೊಚ್ಚಿ ಎಂಬ ವೈದ್ಯ ಸೈಕಲ್ಲಿನ ಟ್ಯೂಬು ಬಳಸಿ ರಕ್ತದೊತ್ತಡ ಅಳೆಯುವ ತೋಳುಪಟ್ಟಿಯನ್ನು ರೂಪಿಸಿದ. ಅದರ ಅಗಲ ಸುಮಾರು 5 ಸೆಂಟಿಮೀಟರ್ ಮಾತ್ರ. ಇಷ್ಟು ಕಿರಿದಾದ ಪಟ್ಟಿ ಒತ್ತಡವನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ ಎಂದು 1901ರಲ್ಲಿ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ ತೋರಿಸಿಕೊಟ್ಟು ಅಗಲದ ಪಟ್ಟಿಯನ್ನು ಬಳಕೆಗೆ ತಂದ. ದಪ್ಪ ತೋಳಿಗೆ ಕಿರಿಯ ಪಟ್ಟಿ ಸುತ್ತಿದರೆ ಅದರ ಒತ್ತು ಆಳದಲ್ಲಿರುವ ಅಪಧಮನಿಯವರೆಗೆ ಪೂರ್ತಿ ತಲುಪುವುದಿಲ್ಲ. ಅಪಧಮನಿ ಮುಚ್ಚಲು ಹೆಚ್ಚು ಗಾಳಿ ತುಂಬಬೇಕು, ಆ ಹೆಚ್ಚಿನ ಗಾಳಿಯನ್ನೇ ಯಂತ್ರ ರಕ್ತದೊತ್ತಡವೆಂದು ಬರೆದುಕೊಳ್ಳುತ್ತದೆ.

ನೂರಕ್ಕೂ ಹೆಚ್ಚು ವರ್ಷಗಳಿಂದ ಗೊತ್ತಿರುವ ಈ ತಪ್ಪು ಇಂದಿಗೂ ನಡೆಯುತ್ತಲೇ ಇದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 195 ಮಂದಿಯ ಮೇಲೆ ನಡೆಸಿದ ಪ್ರಯೋಗವೊಂದು 2023ರಲ್ಲಿ ಪ್ರಕಟವಾಯಿತು. ಅತಿ ದೊಡ್ಡ ಪಟ್ಟಿ ಬೇಕಾಗಿದ್ದವರಿಗೆ ಸಾಮಾನ್ಯ ಪಟ್ಟಿ ಸುತ್ತಿ ಅಳೆದಾಗ ಸಂಕೋಚನದ ಒತ್ತಡ ಸರಾಸರಿ 19.5 ಮಿಲಿಮೀಟರಿನಷ್ಟು ಹೆಚ್ಚಾಗಿ ಕಂಡಿತು. ವ್ಯಾಯಾಮದಿಂದ ದೊರೆಯುವ ಇಳಿತಕ್ಕಿಂತ ಪಟ್ಟಿಯ ತಪ್ಪೇ ಎರಡು ಮೂರು ಪಟ್ಟು ದೊಡ್ಡದು! ಮೊದಲ ಸಲ ಸರಿಯಾದ ಪಟ್ಟಿಯಲ್ಲಿ 146 ಇದ್ದದ್ದು ಆರು ವಾರದ ನಡಿಗೆಯಿಂದ 140ಕ್ಕೆ ಇಳಿದಿದೆ ಎನ್ನೋಣ. ಎರಡನೆಯ ಸಲ ಬೇರೆಡೆ ಸಾಮಾನ್ಯ ಪಟ್ಟಿಯಲ್ಲಿ ಅಳೆದರೆ ಅದು 155 ಎಂದು ತೋರಿಸಬಹುದು. ಆಗ ಹುಡುಗ ನಡಿಗೆ ಬಿಡುವುದಿರಲಿ, ಬೇಡದ ಮಾತ್ರೆಯನ್ನೂ ನುಂಗಬೇಕಾದೀತು. ತೋಳಿನ ನಡುಭಾಗದ ಸುತ್ತಳತೆಯನ್ನು ಟೇಪಿನಿಂದ ಅಳೆದು, ಅದು ಸುಮಾರು 34 ಸೆಂಟಿಮೀಟರ್ ಮೀರಿದ್ದರೆ ದೊಡ್ಡ ಪಟ್ಟಿ ಬೇಕೆಂದು ಕೇಳಬೇಕು. ಇದರಲ್ಲಿ ನಾಚಿಕೆಯೇಕೆ? ಕಾಲಿಗೆ ತಕ್ಕ ಚಪ್ಪಲಿ ಕೇಳುವುದಿಲ್ಲವೇ?

ತೀವ್ರ ಬೊಜ್ಜಿರುವವರ ವ್ಯಾಯಾಮಕ್ಕೆ ಅದರದೇ ಆದ ತೊಡಕುಗಳಿವೆ. ನಡೆಯುವಾಗ ಮಂಡಿಯ ಮೇಲೆ ದೇಹತೂಕದ ಎರಡು ಮೂರು ಪಟ್ಟು ಹೊರೆ ಬೀಳುತ್ತದೆ. 100 ಕಿಲೋ ತೂಗುವವರಿಗೆ ಇದು ಎಷ್ಟೆಂದು ಊಹಿಸಿ. ಆದ್ದರಿಂದ ಮೊದಲ ದಿನವೇ ಓಡಲು ಹೊರಡುವುದು ಬೇಡ. ಹತ್ತು ನಿಮಿಷದ ನಡಿಗೆ ದಿನಕ್ಕೆ ಎರಡು ಮೂರು ಸಲ ಸಾಕು. ಮಂಡಿ ನೋವಿದ್ದರೆ ನಿಂತ ಸೈಕಲ್ಲು, ಎದೆಮಟ್ಟದ ನೀರಿನಲ್ಲಿ ನಡೆಯುವುದು, ಕುರ್ಚಿಯಲ್ಲಿ ಕುಳಿತೇ ಕೈಕಾಲು ಆಡಿಸುವುದು ಒಳ್ಳೆಯದು. ಮಾತಾಡಲು ಸಾಧ್ಯ, ಹಾಡಲು ಉಸಿರು ಸಾಲದು ಎನ್ನುವಷ್ಟು ವೇಗ ಸರಿಯಾದ ವೇಗ. ಕೆಲವು ರಕ್ತದೊತ್ತಡದ ಮಾತ್ರೆಗಳು ನಾಡಿಯನ್ನೇ ನಿಧಾನಗೊಳಿಸುವುದರಿಂದ ನಾಡಿ ಎಣಿಸುವುದಕ್ಕಿಂತ ಇದೇ ನಂಬಿಕೆಗೆ ಯೋಗ್ಯ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಕೆನಡಾದಲ್ಲಿ 1985ರಲ್ಲಿ ಕಟ್ಟುಮಸ್ತಾದ ಯುವಕರ ಅಪಧಮನಿಯಲ್ಲೇ ನಳಿಕೆ ಇಟ್ಟು ಅಳೆದಾಗ, ಕಾಲಿನಿಂದ ಭಾರ ತಳ್ಳುತ್ತಿದ್ದ ಒಬ್ಬನ ರಕ್ತದೊತ್ತಡ ಕ್ಷಣಕಾಲ 480/350 ದಾಟಿತ್ತು!

ವಿಶ್ರಾಂತಿಯಲ್ಲಿಯೇ ರಕ್ತದೊತ್ತಡ 180/110 ಅಥವಾ ಅದಕ್ಕಿಂತ ಹೆಚ್ಚಿರುವವರು, ನಡೆದಾಗ ಎದೆನೋವು ಬರುವವರು, ತಲೆಸುತ್ತುವವರು ಮೊದಲು ವೈದ್ಯರನ್ನು ಕಂಡೇ ಮುಂದುವರಿಯಬೇಕು. ಉಳಿದವರು ವಾರಕ್ಕೆ 150 ನಿಮಿಷ ಮುಟ್ಟಲು ತಿಂಗಳುಗಳನ್ನೇ ತೆಗೆದುಕೊಳ್ಳಲಿ, ಚಿಂತೆಯಿಲ್ಲ. ನಿಲ್ಲಿಸಿದರೆ ಮಾತ್ರ ಗಳಿಸಿದ್ದು ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ.

ಮನೆಯಲ್ಲಿ ಅಳೆಯುವವರು ನಡಿಗೆ ಮುಗಿಸಿ ಬಂದ ಕೂಡಲೇ ಅಳೆಯಬಾರದು. ಬೆಳಗ್ಗೆ ಹೊರಡುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಪ್ರತಿ ಸಲವೂ ಅದೇ ಪಟ್ಟಿಯಿಂದ ಅಳೆದು ಬರೆದಿಡಬೇಕು. ಮಾತ್ರೆ ನುಂಗುತ್ತಿರುವವರು ಅಂಕಿ ಇಳಿಯಿತೆಂದು ತಾವೇ ಮಾತ್ರೆ ಬಿಡಕೂಡದು. ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿದರೆ ಪ್ರಮಾಣ ತಗ್ಗಿಸಬಹುದೇ ಎಂಬುದನ್ನು ಅವರು ನೋಡಿ ಹೇಳುತ್ತಾರೆ.